ಐದು ವರ್ಷ ಅನುಭವದ ಅನುರಾಧಾ

ಹೊಸ ರಾಜ್ಯ ಹುಟ್ಟಿದ ದಿನ ಹೈದರಾಬಾದಿನ ಬೀದಿಬೀದಿಗಳಲ್ಲಿ ಪಟಾಕಿ ಹಾರುತ್ತಿದ್ದಾಗ, ಕುಷಾಯಿಗೂಡದ ಕಾಶಿನಾಥನ ಮನೆಯ ಕ್ಯಾಲೆಂಡರಿನಲ್ಲಿ ಜೂನ್ ಎರಡರ ಚೌಕದೊಳಗೆ ‘೧’ ಎಂಬ ಅಂಕಿ ಬಿತ್ತು. ಮರುದಿನ ‘೨’. ಬರೆಯುತ್ತಿದ್ದವಳು ಕಾಶಿನಾಥನ ತಾಯಿ ಶರಣಬಸಮ್ಮ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿದ್ದವು. ಸುರಪುರ ಕಡೆಯ ಹಳ್ಳಿಯಲ್ಲಿದ್ದಾಗ ಎಮ್ಮೆ ಗಬ್ಬಾದ ದಿನದಿಂದ ಈಯುವ ದಿನದವರೆಗೆ ಗೋಡೆಯ ಮೇಲೆ ಲೆಕ್ಕ ಬರೆದು ರೂಢಿಯಾದ ಕೈ ಅದು.

ಈ ಲೆಕ್ಕ ಮೊಮ್ಮಗಳು ಅನುರಾಧಾಳದು. ಅವಳು ಅಮೆರಿಕದ ಟೆಕ್ಸಾಸಿನಲ್ಲಿ ಎಂ.ಎಸ್. ಮುಗಿಸಿದ್ದಳು. ಓದಿದ ವಿಷಯದಲ್ಲೇ ಒಂದು ವರ್ಷ ಅಲ್ಲಿ ದುಡಿಯಬಹುದೆಂದು ಅಲ್ಲಿನ ಸರಕಾರ ಒಂದು ಕಾರ್ಡು ಕೊಟ್ಟಿತ್ತು. ಅದರ ಜೊತೆಗೊಂದು ಕರಾರು: ಕೆಲಸವಿಲ್ಲದೆ ತೊಂಬತ್ತು ದಿನಕ್ಕಿಂತ ಹೆಚ್ಚು ಕೂಡುವಂತಿಲ್ಲ.

“ತೊಂಬತ್ತು ಮುಗದ್ರ?” ಎಂದು ಮುದುಕಿ ಮೊದಲ ದಿನವೇ ಕೇಳಿದ್ದಳು.

“ಮುಗದ್ರ ಗಂಟು ಕಟ್ಕೊಂಡು ಬರೂದು, ಆಯಿ,” ಎಂದಿದ್ದ ಮೊಮ್ಮಗ ಬಸವಕಿರಣ. ಅವನು ಮಣಿಕೊಂಡದ ಕಡೆ ಒಂದು ಸಾಫ್ಟ್‌ವೇರ್ ಆಫೀಸಿಗೆ ಹೋಗುತ್ತಿದ್ದ. ದಿನಾ ಬೆಳಿಗ್ಗೆ ಬೈಕಿನ ಹಿಂದೆ ತಾಯಿ ಮಾರಲು ಮಾಡಿದ ಖಡಕ್ ರೊಟ್ಟಿಯ ಡಬ್ಬಿ ಕಟ್ಟಿಕೊಂಡು ಹೋಗಿ ಅಲ್ಲಿಯ ಕನ್ನಡದ ಹುಡುಗರಿಗೆ ಕೊಟ್ಟು ಬರುತ್ತಿದ್ದ.

“ಅಪ್ಪಂದಿಷ್ಟು, ಅವ್ವಂದಿಷ್ಟು ಹಟ ಕೂಡಿ ಹುಟ್ಟೈತಿ ಅದು. ಅಷ್ಟು ಸರಳ ಬರಂಗಿಲ್ಲ ತಗೊ,” ಎಂದು ಮುದುಕಿ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡಳು.

ಕಾಶಿನಾಥ ಊರಿನ ದೊಡ್ಡ ಸರಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಬೆಸುಗೆ ಹಾಕುತ್ತಿದ್ದ. ರವಿವಾರ ಓಣಿಯವರ ಮಿಕ್ಸರ್, ಟೇಪ್‌ರೆಕಾರ್ಡರ್ ಬಿಚ್ಚಿಕೊಂಡು ಕೂತರೆ ಎಂಟು ವರ್ಷದ ಅನುರಾಧಾ ಎದುರಿಗೆ ಕುಕ್ಕರಗಾಲಲ್ಲಿ ಕೂತು ತಂತಿ ಹಿಡಿಯುತ್ತಿದ್ದಳು. ಅವಳು ಕಲಿತದ್ದು ಅದರ ಮುಂದಿನ ವಿದ್ಯೆ. ಯಂತ್ರದ ಹೊಟ್ಟೆಯೊಳಗಿರುವ ಚಿಕ್ಕ ಎಲೆಕ್ಟ್ರಾನಿಕ್ ಚಿಪ್ಪಿಗೆ, ಯಾವಾಗ ಶುರುವಾಗಬೇಕು, ಯಾವಾಗ ನಿಲ್ಲಬೇಕು ಎಂದು ಹೇಳಿಕೊಡುವುದು. ಎಂಬೆಡೆಡ್ ಎನ್ನುತ್ತಿದ್ದರು. ಆ ಕೆಲಸವೇ ಬೇಕು, ಬೇರೆ ಬೇಡ ಎಂಬುದು ಅವಳ ಪಟ್ಟು.

ದಿನಾ ಬೆಳಿಗ್ಗೆ ಏಳಕ್ಕೆ ಅವಳ ಫೋನು ಬರುತ್ತಿತ್ತು. ಅಲ್ಲಿ ಆಗ ಹಿಂದಿನ ದಿನದ ಸಂಜೆ. ತಾಯಿ ಸುವರ್ಣಾ ಹಿಟ್ಟಿನ ಡಬ್ಬಿಗೆ ಫೋನು ಆನಿಸಿ, ಸ್ಪೀಕರ್ ಹಾಕಿ, ರೊಟ್ಟಿ ಬಡಿಯುತ್ತಲೇ ಮಾತಾಡುತ್ತಿದ್ದಳು.

“ಇವತ್ತೇನಂದ್ರವ್ವ?”

“ಸಿಟಿಜನ್ ಅದೀಯೇನು ಅಂತ ಕೇಳಿದ್ರು. ಅಲ್ಲ ಅಂದೆ. ಫೋನ್ ಇಟ್ರು.”

“ಅಷ್ಟ?”

“ವಿಮಾನದ ಸಾಮಾನು ಮಾಡೂ ಕಂಪನಿ ಅದು. ಹೊರಗಿನೋರನ್ನ ಒಳಗ ಬಿಡಂಗಿಲ್ಲ. ಮತ್ತೊಬ್ಬಾವ, ಮುಂದ ನಿನಗ ವೀಸಾ ಮಾಡಿಸಿಕೊಡೂದು ನನಗ ಬಿತ್ತಲ್ಲ ಅಂದ. ಈಗ ನನ್ನ ಹತ್ರ ಕಾರ್ಡ್ ಐತಿ, ನೀವೇನೂ ಮಾಡಬೇಕಾಗಿಲ್ಲರಿ ಅಂದೆ. ಈಗಿಂದಲ್ಲ, ಮುಂದಿಂದು ಅಂದ.”

“ಮದಲ ಬಾಗಿಲಿಗೆ ಬರದು ಹಚ್ಚಬೇಕಿಲ್ಲೋ, ಬಾಡ್ಯಾಗೋಳು!” ಎಂದು ಶರಣಬಸಮ್ಮ ಒಲೆಯ ಆಚೆಯಿಂದ ಬೈದಳು.

ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ ಬಸವಕಿರಣ ಫೋನಿನ ಕಡೆ ಬಗ್ಗಿದ. “ಅಕ್ಕಾ, ನನ್ನಂಗ ಜಾವಾ ಪ್ರೋಗ್ರಾಮಿಂಗ್ ಕಲಿ. ಎರಡ ತಿಂಗಳು. ಅದಕ್ಕ ಯಾರೂ ಸಿಟಿಜನ್ ಪಟಿಜನ್ ಕೇಳಂಗಿಲ್ಲ.”

“ನೀ ಕಲ್ತೀಯಲ್ಲ, ಮನಿಗೊಬ್ಬರು ಸಾಕು.”

“ನೋಡ್ ಅವ್ವ, ಹೆಂಗ ಅಂತಾಳ!”

“ಖರೇನ ಅಂದಾಳ,” ಎಂದ ಕಾಶಿನಾಥ. ಅವನು ಚಹಾದ ಬಶಿಯನ್ನು ಊದುತ್ತ ಅಷ್ಟನ್ನೇ ಹೇಳಿ, ಡ್ಯೂಟಿಗೆ ಎದ್ದ.

ಜೂನ್ ಮುಗಿಯಿತು. ಆಷಾಢವೂ ಮುಗಿಯಿತು. ಅನುರಾಧಾ ಇನ್ನೂರು ಕಡೆ ಅರ್ಜಿ ಹಾಕಿ ಲೆಕ್ಕ ಬಿಟ್ಟಳು. ಮುದುಕಿ ಬಿಡಲಿಲ್ಲ. ರೊಟ್ಟಿ ಪಂಚಮಿಯ ದಿನ ಕ್ಯಾಲೆಂಡರಿನಲ್ಲಿ ‘೫೯’ ಬಿತ್ತು.

ಆ ದಿನ ಅವರ ಕಡೆಯವರೆಲ್ಲ ರೊಟ್ಟಿ, ಪಲ್ಯ ಮಾಡಿ ಮನೆಯಿಂದ ಮನೆಗೆ ಹಂಚುತ್ತಾರೆ. ಊರು ಬಿಟ್ಟು ಬಂದರೂ ಸುವರ್ಣಾ ಅದನ್ನು ಬಿಟ್ಟಿರಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣಗಾಯಿ, ಶೇಂಗಾ ಹಿಂಡಿ. ತೆಲುಗು ನೆರೆಯವರಿಗೂ ತಾಟು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ತಮ್ಮ ಉಪೇಂದ್ರ ಬಂದ. ಪ್ರತಿವರ್ಷದ ಹಾಗೆ ಅಕ್ಕನಿಗೆ ಸುಲ್ತಾನ್ ಬಜಾರಿನಿಂದ ಪಂಚಮಿಯ ಸೀರೆ ತಂದಿದ್ದ. ತಂದೆತಾಯಿ ಹೋದ ಮೇಲೆ ಸುವರ್ಣಾಳಿಗೆ ತವರು ಎಂದರೆ ಅವನೊಬ್ಬನೇ.

ಉಪೇಂದ್ರ ಅಮೀರಪೇಟೆಯ ಒಂದು ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಪಕ್ಕದ ಕೋಣೆಯಲ್ಲಿ ಕೆಲಸ ಹಚ್ಚಿಕೊಡುವ ಆಫೀಸು. ಬಸವಕಿರಣನಿಗೆ ಮಣಿಕೊಂಡದ ಕೆಲಸ ಹಚ್ಚಿದವನೂ ಅವನೇ. ಆಗ ಕಿರಣ ಕಾಲೇಜಿನಿಂದ ಹೊರಬಿದ್ದು ತಿಂಗಳಾಗಿತ್ತಷ್ಟೆ. ಕಾಗದದಲ್ಲಿ ಮಾತ್ರ ಮೂರು ವರ್ಷದ ಅನುಭವವಿತ್ತು. ಮನೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ.

“ಅಕ್ಕಾ, ಇನ್ನ ಒಂದು ತಿಂಗಳ ಉಳದೈತಿ,” ಎಂದ ಉಪೇಂದ್ರ, ಎಣಗಾಯಿಯ ರಸದಲ್ಲಿ ರೊಟ್ಟಿ ಅದ್ದುತ್ತ. “ಎಳಿ ಹುಡುಗಿ, ಆಕೀಗೇನು ತಿಳೀತೈತಿ? ಆಕೀ ಕಾಗದ ಕೊಡು. ನಾಕು ಕಡಿ ಹೆಸರು ಹಚ್ಚತೀನಿ. ಅಮೆರಿಕದಾಗ ನಮ್ಮ ಹುಡುಗ್ರು ಅದಾರ.”

“ಆಕಿ ಬ್ಯಾಡ ಅಂದಾಳಪ್ಪ. ಅವರೂ ಮನ್ಯಾಗಿಲ್ಲ.”

“ಮಾವಾರಿಗೆ ಯಾಕ ಹೇಳಬೇಕು? ಕೆಲಸ ಹತ್ತಿದ ಮ್ಯಾಲೆ ಅವರೇ ಪೇಢೆ ಹಂಚತಾರ. ನಾ ಏನು ಹೊರಗಿನಾವೇನು? ಸ್ವಾದರಮಾವ ಅದೀನಿ.”

ಹಬ್ಬದ ದಿನ, ತಾಟಿನ ಮುಂದೆ ಕೂತ ತಮ್ಮ. ಸುವರ್ಣಾ ಕಪಾಟು ತೆಗೆದಳು. ಮಗಳು ಜೋಪಾನಕ್ಕೆಂದು ಕಳಿಸಿದ್ದ ಡಿಗ್ರಿಯ, ಪಾಸ್‌ಪೋರ್ಟಿನ, ಆ ಕಾರ್ಡಿನ ನಕಲುಗಳನ್ನು ಹೊರತೆಗೆದು ಚಾಪೆಯ ಮೇಲೆ ಹರಡಿದಳು. ಉಪೇಂದ್ರ ಕೈತೊಳೆದು ಬಂದು ಫೋನಿನಲ್ಲಿ ಒಂದೊಂದರದೇ ಫೋಟೋ ತೆಗೆದುಕೊಂಡ. ಶರಣಬಸಮ್ಮ ಆಗ ನೆರೆಮನೆಗೆ ತಾಟು ಕೊಡಲು ಹೋಗಿದ್ದಳು.

ಹತ್ತು ದಿನದ ಮೇಲೆ ಅನುರಾಧಾಳ ಧ್ವನಿ ಬೇರೆಯಾಗಿತ್ತು.

“ಆಯೀ, ಹಾಲಿನ ಕಂಪನಿಯವರು ಕರದಾರ!”

“ಹಾಲು ಮಾರಾಕ ಹೊಂಟಿಯೇನ ಮತ್ತ?”

“ಅಲ್ಲ ಆಯಿ. ದೊಡ್ಡ ದೊಡ್ಡ ದನದ ಕೊಟಗಿ ಇರ್ತಾವ ಇಲ್ಲಿ. ಕರೆದ ಹಾಲು ಕೆಡಬಾರದಂತ ತಂಪು ಮಾಡೂ ಟಾಕಿ ಇರ್ತಾವ. ಆ ಟಾಕಿಗೆ ಬುದ್ಧಿ ಹೇಳೂ ಚಿಪ್ಪಿನ ಕೆಲಸ.”

“ಇದು ಛಲೋ ನೋಡು,” ಎಂದಳು ಮುದುಕಿ. “ವಿಮಾನಕ್ಕಿಂತ ಛಲೋ. ಹಾಲು ಕೆಡಬಾರದು.”

ಸಣ್ಣ ಊರಿನ ಸಣ್ಣ ಕಂಪನಿ. ಅರವತ್ತು ದಾಟಿದ ಮಾರ್ಗರೆಟ್ ಎಂಬ ಹೆಂಗಸು ಅದರ ಯಜಮಾನಿ. ಮೂರು ಸಲ ಸಂದರ್ಶನವಾಯಿತು. ಕರೆಂಟು ಹೋಗಿ ಬಂದು ಮಾಡಿದರೆ ಏನು ಮಾಡುತ್ತೀ ಎಂದು ಅವಳು ಕೇಳಿದಾಗ ಅನುರಾಧಾ ಪುಸ್ತಕದ ಉತ್ತರ ಹೇಳಲಿಲ್ಲ. ಊರಿನ ದೊಡ್ಡಪ್ಪನ ಬೋರ್‌ವೆಲ್ ಮೋಟಾರಿಗೆ ತಾನು ಬಿ.ಇ. ಓದುವಾಗ ಮಾಡಿಕೊಟ್ಟ ಸ್ಟಾರ್ಟರಿನ ಕಥೆ ಹೇಳಿದಳು. ಕರೆಂಟು ಬಂದ ಕೂಡಲೆ ಅದು ಮೋಟಾರು ಓಡಿಸುವುದಿಲ್ಲ. ಮೂರು ನಿಮಿಷ ಕಾದು, ಕರೆಂಟು ನಿಲ್ಲುತ್ತದೆಯೋ ಓಡಿಹೋಗುತ್ತದೆಯೋ ನೋಡಿ, ಆಮೇಲೆ ಶುರುಮಾಡುತ್ತದೆ.

“ಕೇಳಿ ಭಾಳ ನಕ್ಕಳು ಅಪ್ಪಾ. ನಮ್ಮ ಟಾಕೀಗೂ ಇದ ಬೇಕು ಅಂದಳು. ಎರಡು ದಿನದಾಗ ಪತ್ರ ಕಳಸ್ತಾಳಂತ.”

ಕಾಶಿನಾಥ ಆ ದಿನ ಎರಡು ಬಶಿ ಚಹಾ ಕುಡಿದ. ಇನ್ನು ಎಲ್ಲೂ ಹೆಸರು ಹಚ್ಚಬೇಡ ಎಂದು ಹೇಳಲು ಸುವರ್ಣಾ ತಮ್ಮನಿಗೆ ಫೋನು ಮಾಡಬೇಕೆಂದುಕೊಂಡಳು; ರೊಟ್ಟಿಯ ಆರ್ಡರುಗಳ ಗದ್ದಲದಲ್ಲಿ ಮರೆತಳು.

ಎಪ್ಪತ್ತಾರನೆಯ ದಿನ ಶನಿವಾರ ಬಿತ್ತು. ಫೋನಿನಲ್ಲಿ ಅನುರಾಧಾ ನಮಸ್ಕಾರ, ಊಟ ಏನೂ ಕೇಳಲಿಲ್ಲ.

“ಅಪ್ಪ ಅದಾನೇನು? ಎಲ್ಲಾರನ್ನೂ ಕರಿ ಅವ್ವ.”

ಎಲ್ಲರೂ ಒಲೆಯ ಸುತ್ತ ಬಂದರು.

“ಕೆಲಸ ಹುಡುಕೂ ವೆಬ್‌ಸೈಟಿನಾಗ ಇನ್ನೊಬ್ಬಾಕಿ ಅನುರಾಧಾ ಅದಾಳ. ನನ್ನ ಹೆಸರು, ನನ್ನ ಕಾಲೇಜು, ನನ್ನ ಹುಟ್ಟಿದ ತಾರೀಖು, ನನ್ನ ಕಾರ್ಡಿನ ನಂಬರ್. ಆಕಿ ಹೈದರಾಬಾದಿನಾಗ ಐದು ವರ್ಷ ಜಾವಾ ಕೆಲಸ ಮಾಡ್ಯಾಳಂತ. ನಾನು ಬಿ.ಇ. ಮುಗಿಸಿ ಎರಡು ವರ್ಷ ಆಗ್ಯಾವ! ಮಾರ್ಗರೆಟ್ ಎರಡೂ ಕಾಗದ ಮುಂದ ಇಟ್ಕೊಂಡು, ಇದರಾಗ ನೀ ಯಾರು ಅಂತ ಕೇಳಿದಳು.”

ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಸುವರ್ಣಾ ತಿರುವಲಿಲ್ಲ.

“ನನ್ನ ಕಾರ್ಡಿನ ನಂಬರ್ ಯಾರಿಗಾರ ಕೊಟ್ಟೀರೇನು?”

“ನಾನ,” ಎಂದಳು ಸುವರ್ಣಾ. “ಉಪೇಂದ್ರಗ ಕೊಟ್ಟೆ. ಪಂಚಮಿಗೆ ಬಂದಾಗ.”

ಅನುರಾಧಾ ಅಂದಳು: “ಈ ಕಾಗದ ಯಾರು ಮಾಡಿದರು, ಯಾಕ ಮಾಡಿದರು, ಸೋಮವಾರದೊಳಗ ಬರವಣಿಗೀಲೆ ಕೊಡು ಅಂದಾಳ. ಇಲ್ಲಾಂದ್ರ ಕೆಲಸ ಇಲ್ಲ. ಅವ್ವ, ಇದು ಹೋದ್ರ ಹೋಗಲಿ. ಆದ್ರ ಆ ಐದು ವರ್ಷದಾಕಿ ಹೆಸರಲೆ ನಾ ಒಂದು ದಿನಾನೂ ದುಡ್ಯಾಂಗಿಲ್ಲ. ಹದಿನಾಕು ದಿನದಾಗ ಟಿಕೆಟ್ ತಗಸಿಕೊಂಡು ಬರ್ತೀನಿ.”

ಫೋನು ನಿಂತಿತು. ಕಾಶಿನಾಥ ಧ್ವನಿ ಏರಿಸುವವನಲ್ಲ. ಆ ದಿನ ಏರಿಸಿದ.

“ಇಪ್ಪತ್ತೊಂಬತ್ತು ವರ್ಷದಾಗ ನಾ ಒಂದು ಸುಳ್ಳು ಬೆಸಿಗಿ ಹಾಕಿಲ್ಲ. ನನ್ನ ಮಗಳ ಹೆಸರಿಗೆ ಸುಳ್ಳು ಬೆಸಿಗಿ ಹಾಕ್ಸಿದೆಲ್ಲ!”

“ಒದರಬ್ಯಾಡ್ರಿ,” ಎಂದಳು ಸುವರ್ಣಾ. “ತಪ್ಪು ಮಾಡೀನಿ, ಇಲ್ಲ ಅನ್ನಂಗಿಲ್ಲ. ಆದ್ರ ಅರವತ್ತು ದಿನ ನೀವೇನು ಮಾಡಿದ್ರಿ? ಚಹಾ ಊದಿದ್ರಿ. ಈ ಹುಡುಗನ ಕಾಗದದಾಗ ಮೂರು ವರ್ಷ ಬರಿಸಿದಾಗ ನಿಮ್ಮ ಬೆಸಿಗಿ ಎಲ್ಲಿ ಹೋಗಿತ್ತು? ಆಗ ನೀವೂ ಪೇಢೆ ತಿಂದ್ರಿ.”

ಬಸವಕಿರಣ ಡಬ್ಬಿಯ ಹಗ್ಗ ಬಿಗಿಯುತ್ತಿದ್ದವನು ಹಾಗೆಯೇ ನಿಂತ. ಶರಣಬಸಮ್ಮ ಸೀದ ರೊಟ್ಟಿಯನ್ನು ಇಕ್ಕಳದಿಂದ ಎತ್ತಿ ಬದಿಗಿಟ್ಟಳು.

“ಜಗಳ ಸಂಜೀಕ ಆಡ್ರಿ,” ಎಂದಳು. “ಸುವರ್ಣಾ, ಸೀರಿ ಉಟ್ಕೊ. ಅವನ ಆಫೀಸಿಗೆ ಹೋಗೂಣು. ನಾನೂ ಬರ್ತೀನಿ.”

“ಎರಡು ಬಸ್ಸು ಬದಲಿ ಮಾಡಬೇಕು, ಅತ್ತೀ. ನಿಮ್ಮ ಮೊಣಕಾಲು...”

“ಮೊಣಕಾಲು ನಂದು. ನೀ ಬಸ್ ನೋಡು.”

ಅಮೀರಪೇಟೆಯ ಆ ಮಹಡಿ ಏರುವಾಗ ಗೋಡೆಯ ತುಂಬ ಕೋರ್ಸುಗಳ ಕಾಗದ ಅಂಟಿಸಿದ್ದರು. ಮೇಲೆ ಕ್ಲಾಸು ನಡೆದಿತ್ತು. ನಲವತ್ತು ಹುಡುಗ ಹುಡುಗಿಯರು ತೊಡೆಗೆ ತೊಡೆ ತಾಗಿಸಿ ಕೂತಿದ್ದರು. ಉಪೇಂದ್ರ ಅಕ್ಕನನ್ನು ಕಂಡು ನಗುತ್ತ ಬಂದ. “ಬರ್ರಿ, ಬರ್ರಿ! ಅತ್ತಿಯಾರೂ ಬಂದಾರ! ಒಳಗ ಬರ್ರಿ.”

“ಒಳಗ ಬ್ಯಾಡ,” ಎಂದಳು ಸುವರ್ಣಾ, ಬಾಗಿಲಲ್ಲೇ ನಿಂತು. “ನನ್ನ ಮಗಳ ಹೆಸರಿಗೆ ಐದು ವರ್ಷ ಬರದೀಯಲ್ಲ, ಆ ಐದು ವರ್ಷ ಆಕಿ ಎಲ್ಲಿದ್ದಳು ತಮ್ಮಾ? ಮೂರು ವರ್ಷ ನನ್ನ ಮನ್ಯಾಗ ಉಂಡು ಕಾಲೇಜಿಗೆ ಹೋಗ್ಯಾಳ, ಎರಡು ವರ್ಷ ಅಮೆರಿಕದಾಗ ಓದ್ಯಾಳ. ಕೆಲಸಕ್ಕ ಹೋಗಿದ್ದು ನಾ ನೋಡಿಲ್ಲ.”

ಮುಂದಿನ ಸಾಲಿನ ಹುಡುಗರು ತಿರುಗಿ ನೋಡಿದರು. ಅವರಲ್ಲಿ ಇಬ್ಬರಿಗಾದರೂ ಕನ್ನಡ ಬರುತ್ತಿತ್ತು. ಒಬ್ಬ ಪಕ್ಕದವನ ಕಿವಿಯಲ್ಲಿ ತೆಲುಗಿನಲ್ಲಿ ಹೇಳಿದ.

“ಅಕ್ಕಾ, ಸಾವಕಾಶ. ಎಲ್ಲಾರೂ ಹಿಂಗ ಮಾಡ್ತಾರ. ಇದು ದಂಧೆದ ಪದ್ಧತಿ.”

“ತಗಿ ಅದನ್ನ. ಈಗಿಂದೀಗ. ಮತ್ತ ನಾನ ಮಾಡಿದೆ ಅಂತ ಬರದು ಕೊಡು.”

ಉಪೇಂದ್ರ ಮೇಜಿಗೆ ಹೋಗಿ ಕಂಪ್ಯೂಟರಿನ ಹುಡುಗಿಗೆ ಏನೋ ಹೇಳಿದ. ಕಾಗದ ಇಳಿಸಿದ್ದನ್ನು ಪರದೆಯ ಮೇಲೆ ತೋರಿಸಿದ. ಆಮೇಲೆ ಅಕ್ಕನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಮೆಲ್ಲಗೆ ಅಂದ: “ತಗದೀನಿ. ಬರದು ಮಾತ್ರ ಕೊಡಂಗಿಲ್ಲ. ಕೊಟ್ರ ನನ್ನ ಅಂಗಡಿ ಮುಚ್ಚತೈತಿ. ಮತ್ತ ಒಂದು ನೆನಪಿಟ್ಕೊ ಅಕ್ಕಾ, ಕಿರಣನ ಕಾಗದಾನೂ ಇದ ಕಂಪ್ಯೂಟರಿನಾಗ ಹುಟ್ಟೈತಿ. ಒಂದು ಎಳಿ ಜಗ್ಗಿದ್ರ ಎಲ್ಲಾನೂ ಬಿಚ್ಚತೈತಿ.”

“ಹೆದರಸ್ತೀಯೇನೋ?” ಎಂದಳು ಶರಣಬಸಮ್ಮ, ಮೆಟ್ಟಿಲ ಮೇಲೆ ಮೊಣಕಾಲು ನೀವುತ್ತ. “ಉಂಡ ಮನೀಗೆ?”

“ಹೆದರಸಾಕತ್ತಿಲ್ಲರಿ, ಅತ್ತಿಯಾರ. ಖರೆ ಹೇಳಾಕತ್ತೀನಿ.”

ಸುವರ್ಣಾ ಮನೆಗೆ ಬಂದು, ಅನ್ನಕ್ಕಿಟ್ಟು, ಕಿರಣನ ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಳು. ಏಳನೆಯ ಇಯತ್ತೆ ಕಲಿತವಳು. ಹದಿನೈದು ವರ್ಷದಿಂದ ರೊಟ್ಟಿಯ ಆರ್ಡರು ಬಿಟ್ಟರೆ ಬೇರೇನೂ ಬರೆದವಳಲ್ಲ. ಮರುದಿನ ರವಿವಾರದ ಊಟದ ಹೊತ್ತಿಗೆ ಬರೆದು ಮುಗಿಸಿದಳು.

‘ಮಾರ್ಗರೆಟ್ ಬಾಯಿಯವರಿಗೆ, ಅನುರಾಧಾಳ ತಾಯಿ ಸುವರ್ಣಾ ಬರೆಯುವುದು. ಆಕೆಯ ಕಾಗದಗಳನ್ನು ಆಕೆಗೆ ಕೇಳದೆ ನನ್ನ ತಮ್ಮನಿಗೆ ಕೊಟ್ಟವಳು ನಾನು. ಅವನು ಸುಳ್ಳು ಅನುಭವ ಬರೆದು ಹಾಕಿದ್ದಾನೆ. ಅವನು ಒಪ್ಪಿ ಬರೆದುಕೊಡುತ್ತಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನನ್ನ ಮಗಳು ಬೇಡ ಎಂದಿದ್ದಳು. ಆಕೆಗೆ ಐದು ವರ್ಷದ ಅನುಭವ ಇಲ್ಲ. ಆಕೆಗೆ ಕೆಲಸ ಬರುತ್ತದೆ. ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಆಕೆಯನ್ನು ಸುಳ್ಳಿ ಎಂದು ಮಾತ್ರ ಅನ್ನಬೇಡಿರಿ.’

ಬಸವಕಿರಣ ಇಂಗ್ಲಿಷಿಗೆ ಇಳಿಸಲು ಕೂತ. ಎರಡು ಸಾಲು ಹೊಡೆದು ಕೈ ನಿಲ್ಲಿಸಿದ.

“ಅವ್ವ, ತಾಯಿ ಬರದದ್ದು ಅಂದ್ರ ಆಕಿ ಯಾಕ ನಂಬತಾಳ? ಮಗಳಿಗಾಗಿ ಯಾರರ ಬರೀತಾರ. ನಂದೂ ಹಾಕ್ತೀನಿ.”

“ನಿಂದೇನು?”

“ಇದ ಆಫೀಸು ನನಗೂ ಸುಳ್ಳು ಅನುಭವ ಬರದು ಕೊಟ್ಟಿತ್ತು, ಅದರ ಮ್ಯಾಲೆ ನಾ ಕೆಲಸಕ್ಕ ಸೇರೀನಿ ಅಂತ.”

“ಬ್ಯಾಡ!” ಎಂದಳು ಸುವರ್ಣಾ. “ಒಬ್ಬಾಕೀದು ಹೋಗೂದು ಸಾಕು. ಇಬ್ಬರದೂ ಕಳಕೊಂಡು ಕೂಡ್ಲೇನು?”

“ಮಾಮಾ ನಿನ್ನೆ ನಿನಗ ಒಂದು ಸಲ ಅಂದಾನ. ನಾಳೆ ನನಗ ಅಂತಾನ. ಅಕ್ಕನ ಮದುವಿ ಮಾತು ಬಂದಾಗ ಅಪ್ಪಗ ಅಂತಾನ. ಎಷ್ಟು ವರ್ಷ ಅವನು ಅಂತಿರಬೇಕು, ನಾವು ಕೇಳ್ತಿರಬೇಕು? ನಾನ ಮೊದಲ ಅಂದು ಬಿಡ್ತೀನಿ.”

ಅವಳು ಗಂಡನ ಕಡೆ ನೋಡಿದಳು. ಕಾಶಿನಾಥ ಉಣ್ಣುವುದು ಬಿಟ್ಟು ಮಗನನ್ನೇ ನೋಡುತ್ತಿದ್ದ. ಎಡಗೈಯಿಂದ ಜೇಬಿನ ಪೆನ್ನು ತೆಗೆದು ಮುಂದೆ ಸರಿಸಿದ.

“ನನಗೂ ಒಂದು ಸಾಲು ಜಾಗಾ ಬಿಡು,” ಎಂದ. “ಗೊತ್ತಿದ್ದೂ ಸುಮ್ಮ ಇದ್ದಾವ ಅಂತ.”

ಸೋಮವಾರ ಬಸವಕಿರಣ ಆಫೀಸಿಗೆ ಹೋದವನು ಮೂರು ಗಂಟೆಗೇ ಮನೆಗೆ ಬಂದ. ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ. ತನ್ನ ಸುಳ್ಳು ಅನುಭವದ ಮಾತನ್ನು ತಾನೇ ಹೇಳಿದ್ದಕ್ಕೆ ಎರಡು ತಾಸು ಹೊರಗೆ ಕೂಡಿಸಿ, ಒಂದು ಕಾಗದಕ್ಕೆ ಸಹಿ ಹಾಕಿಸಿ ಕಳಿಸಿದ್ದರು. ಕೆಲಸ ಚೆನ್ನಾಗಿ ಮಾಡುತ್ತಿದ್ದೀಯಲ್ಲ, ಯಾಕೆ ಹೇಳಲು ಬಂದೆ ಎಂದು ಮ್ಯಾನೇಜರನೇ ಬೇಜಾರುಪಟ್ಟನಂತೆ.

ಶರಣಬಸಮ್ಮ ಅವನ ಚೀಲ ತೆಗೆದು ನೋಡಿದಳು. “ಬುತ್ತಿ ಹಂಗ ಐತಿ! ಉಂಡಿಲ್ಲೇನು?”

“ಟೈಮ್ ಕೊಡಲಿಲ್ಲ, ಆಯಿ.”

“ಕೆಲಸ ತಗೊಂಡ್ರ ತಗೊಳ್ಳಲಿ, ಉಣ್ಣಾಕ ಬಿಡಬೇಕಿಲ್ಲೋ? ಕೂಡು.”

ಅವನು ಅಡುಗೆಮನೆಯಲ್ಲೇ ಕೂತು ಉಂಡ. ಹಸಿದಿದ್ದ; ನಾಲ್ಕು ರೊಟ್ಟಿ ತಿಂದ. ಸಂಜೆ ಕಂಪ್ಯೂಟರು ತೆರೆದು ಹೊಸ ಅರ್ಜಿ ತುಂಬಲು ಶುರುಮಾಡಿದ. ಅನುಭವದ ಜಾಗದಲ್ಲಿ ಇಪ್ಪತ್ತು ತಿಂಗಳು ಎಂದು ಬರೆದ. ಅಷ್ಟನ್ನು ಅವನು ನಿಜವಾಗಿ ದುಡಿದಿದ್ದ.

ಗುರುವಾರ ಬೆಳಿಗ್ಗೆ ಅನುರಾಧಾಳ ಫೋನು ಬಂತು.

“ಪತ್ರ ಓದಿದಳಂತ. ಕನ್ನಡದ್ದೂ ನೋಡಿದಳಂತ, ನಿಮ್ಮವ್ವನ ಅಕ್ಷರ ಗಟ್ಟಿ ಅದಾವು ಅಂದಳು.”

“ಅಕ್ಷರ ಇರಲಿ. ಕೆಲಸ?”

“ಪೂರಾ ಕೆಲಸ ಈಗ ಕೊಡಂಗಿಲ್ಲಂತ. ಆಫೀಸಿನಾಗ ಉಳದೋರಿಗೆ ಇನ್ನೂ ಅನುಮಾನ ಐತಿ. ಸೋಮವಾರದಿಂದ ವಾರಕ್ಕ ಇಪ್ಪತ್ತು ತಾಸು. ಮೂರು ತಿಂಗಳು ನೋಡಿ ಮುಂದಿನ ಮಾತು. ಆದ್ರ ಅವ್ವ, ನನ್ನ ಕಾರ್ಡಿಗೆ ಇಪ್ಪತ್ತು ತಾಸು ಸಾಕು. ದಿನದ ಲೆಕ್ಕ ನಿಲ್ತೈತಿ.”

“ಎಂಬತ್ನಾಕಕ್ಕ ನಿಲ್ತೈತಿ,” ಎಂದಳು ಶರಣಬಸಮ್ಮ, ಬೆರಳು ಮಡಿಸಿ.

“ಕಿರಣ ಎಲ್ಲದಾನ?”

“ರೊಟ್ಟಿ ಕೊಡಾಕ ಹೋಗ್ಯಾನ. ಕೆಲಸ ಹೋದ್ರೂ ಗಿರಾಕಿ ಬಿಟ್ಟಿಲ್ಲ,” ಎಂದ ಕಾಶಿನಾಥ. “ನಿನ್ನ ಬೋರ್ಡಿನ ಫೋಟೋ ಕಳಸು. ಬೆಸಿಗಿ ನೋಡಬೇಕು.”

ಗಣೇಶನ ಹಬ್ಬದ ದಿನ ಉಪೇಂದ್ರನ ಫೋನು ಬಂತು. ಹದಿಮೂರು ದಿನದಿಂದ ಅವನ ಮಾತಿರಲಿಲ್ಲ. ಸುವರ್ಣಾ ಹೂರಣ ಅರೆಯುತ್ತಿದ್ದಳು; ಸ್ಪೀಕರ್ ಹಾಕಿದಳು.

“ಅಕ್ಕಾ, ಕೇಳಿದೆ. ಇಪ್ಪತ್ತು ತಾಸಿನ ಕೂಲಿ ಅಂತಲ್ಲ?” ಅವನು ನಕ್ಕ. “ಎಂ.ಎಸ್. ಓದಿ ಹಾಲಿನ ಟಾಕಿ! ಕಿರಣನ ಕೆಲಸಾನೂ ಕಳಕೊಂಡ್ರಿ. ನಾ ಅನುರಾಧಾಗ ಊರಿನಂಥ ಊರಾಗ ನಲವತ್ತು ತಾಸಿನ ಕೆಲಸ ಹಚ್ಚಿ ಇಟ್ಟಿದ್ದೆ. ಇನ್ನೂ ಖಾಲಿ ಐತಿ. ಸಿಟ್ಟು ಬಿಡು. ಹೂಂ ಅನ್ನು, ಈಗ ಹಚ್ಚತೀನಿ.”

ಕಾಶಿನಾಥ ಬಾಯಿ ತೆರೆದ. ಸುವರ್ಣಾ ಹೂರಣದ ಕೈ ಎತ್ತಿ ಅವನನ್ನು ತಡೆದಳು.

“ಹಬ್ಬಕ್ಕ ಬರೂದಿದ್ರ ಬಾ, ಉಂಡು ಹೋಗು. ಆ ಕೆಲಸ ಆ ಐದು ವರ್ಷದಾಕಿ ಅದಾಳಲ್ಲ, ಆಕೀಗೆ ಹಚ್ಚು, ತಮ್ಮಾ,” ಎಂದಳು. “ನಮ್ಮಾಕಿ ಕೆಲಸಕ್ಕ ಹೋಗ್ಯಾಳ.”